ಹಳದಿ ಚೀಲದಲ್ಲಿ ಬಂದ ಲಕೋಟೆಗಳು

ಕೊಯಮತ್ತೂರಿಗೆ ಹೋದ ಹೊಸತರಲ್ಲಿ ನನ್ನ ಭಾನುವಾರಗಳೆಲ್ಲ ಗಾಂಧಿಪುರದ ಬಸ್ ಸ್ಟ್ಯಾಂಡಿನಲ್ಲೇ ಕಳೆಯುತ್ತಿದ್ದವು. ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಯಾರೂ ಬರಬೇಕಾಗಿಯೂ ಇರಲಿಲ್ಲ. ಬೆಳಿಗ್ಗೆ ಮೈಸೂರು ಬಿಟ್ಟ ಕರ್ನಾಟಕದ ಬಸ್ಸು ದಿಂಬಂ ಘಾಟಿ ಇಳಿದು, ಸತ್ಯಮಂಗಲ ದಾಟಿ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿಗೆ ಬರುತ್ತಿತ್ತು. ಜನ ಗಂಟುಮೂಟೆ ಸಮೇತ ಇಳಿದು ಹೋದ ಮೇಲೆ ನಾನು ಖಾಲಿ ಬಸ್ಸು ಹತ್ತಿ ಸೀಟುಗಳ ಕೆಳಗೆ ಬಗ್ಗಿ ನೋಡುತ್ತಿದ್ದೆ. ಯಾರಾದರೂ ಓದಿ ಬಿಟ್ಟುಹೋದ ಕನ್ನಡ ವಾರಪತ್ರಿಕೆ ಸಿಕ್ಕರೆ ಅವತ್ತು ನನಗೆ ಹಬ್ಬ.

ಮೊದಲ ಸಲ ಕಂಡಕ್ಟರ್ ನನ್ನನ್ನು ಕಳ್ಳನೆಂದೇ ತಿಳಿದ. ಏನೋ ಹುಡುಕ್ತಿದೀಯ ಎಂದು ಗದರಿದ. ಕಥೆ ಕಳಿಸಬೇಕು, ಪತ್ರಿಕೆಗಳ ವಿಳಾಸ ಬೇಕಾಗಿದೆ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಓ, ಕಥೆ ಬರೀತೀರಾ ಎಂದು ಏಕವಚನದಿಂದ ಬಹುವಚನಕ್ಕೆ ಬಂದ. ಮುಂದಿನ ವಾರದಿಂದ ಅವನೇ ಸೀಟುಗಳಲ್ಲಿ ಸಿಕ್ಕಿದ್ದನ್ನೆಲ್ಲ ಆರಿಸಿ ಡ್ರೈವರಿನ ಹಿಂದಿನ ಮೂಲೆಯಲ್ಲಿ ಇಟ್ಟಿರುತ್ತಿದ್ದ. ಕಥೆಗಾರನೆಂದು ನನಗೆ ಸಿಕ್ಕ ಮೊದಲ ಮರ್ಯಾದೆ ಅದು. ಅದರ ಮೇಲೆಯೇ ಒಂದು ವರ್ಷ ಬದುಕಿದೆ ಎಂದರೂ ತಪ್ಪಲ್ಲ.

ನಾನಾಗ ಇಪ್ಪತ್ನಾಲ್ಕರವನು. ತುಮಕೂರು ಕಡೆಯ ಸಣ್ಣ ಊರಿನಿಂದ ಬಂದು, ಕೊಯಮತ್ತೂರಿನ ಒಂದು ಪಂಪು ಮೋಟಾರು ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಕೂತು ದಿನವಿಡೀ ಕಂಪ್ಯೂಟರಿನಲ್ಲಿ ನಟ್ಟು ಬೋಲ್ಟುಗಳ ಚಿತ್ರ ಬರೆಯುತ್ತಿದ್ದೆ. ಸಂಜೆ ಬಾಡಿಗೆ ಕೋಣೆಗೆ ಬಂದು ಕಥೆ ಬರೆಯುತ್ತಿದ್ದೆ. ಬರೆದದ್ದನ್ನು ಎಲ್ಲಿಗೆ ಕಳಿಸಬೇಕು ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ. ನಾನಿದ್ದ ಬಡಾವಣೆಯ ಅಂಗಡಿಗಳಲ್ಲಿ ಕನ್ನಡ ಪತ್ರಿಕೆ ಕೇಳಿದರೆ ಅಪ್ಪಡಿ, ಅಂದರೆ ಹಾಗೆ, ಒಂದಿದೆಯಾ ಎನ್ನುವಂತೆ ನೋಡುತ್ತಿದ್ದರು. ಹಾಗಾಗಿ ಬಸ್ ಸ್ಟ್ಯಾಂಡು.

ಪತ್ರಿಕೆ ಸಿಕ್ಕರೆ ನಾನು ಮೊದಲು ಕಥೆ ಓದುತ್ತಿರಲಿಲ್ಲ. ಕೊನೆಯ ಪುಟದ ಬುಡದಲ್ಲಿ, ಇರುವೆಗಿಂತ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ ಸಂಪಾದಕರ ವಿಳಾಸ ಹುಡುಕುತ್ತಿದ್ದೆ. ಕೆಲವು ಸಲ ಆ ಪುಟವನ್ನೇ ಹರಿದು ಯಾರೋ ಚಿತ್ರಾನ್ನ ತಿಂದಿರುತ್ತಿದ್ದರು. ಒಂದು ಮಾಸಪತ್ರಿಕೆಯ ಪಿನ್‌ಕೋಡಿನ ಕೊನೆಯ ಎರಡು ಅಂಕಿ ಎಣ್ಣೆಯಲ್ಲಿ ಮುಳುಗಿಹೋಗಿದ್ದವು, ಅವನ್ನು ಕಿಟಕಿಯ ಬಿಸಿಲಿಗೆ ಹಿಡಿದು ಓದಿದೆ. ಹೀಗೆ ಒಂಬತ್ತು ವಿಳಾಸ ಸೇರಿದವು. ಒಂದು ನೋಟ್‌ಬುಕ್ಕಿನಲ್ಲಿ ಅವನ್ನು ಬರೆದು, ಪ್ರತಿಯೊಂದರ ಕೆಳಗೆ ಅವರವರ ನಿಯಮ ಬರೆದುಕೊಂಡೆ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆದಿರಬೇಕು. ನಕಲು ಇಟ್ಟುಕೊಂಡಿರಬೇಕು. ಒಪ್ಪಿಗೆಯಾಗದಿದ್ದರೆ ವಾಪಸು ಬೇಕೆನ್ನುವವರು ಸ್ವಂತ ವಿಳಾಸ ಬರೆದು, ಅಂಚೆಚೀಟಿ ಹಚ್ಚಿದ ಲಕೋಟೆ ಜೊತೆಗಿಡಬೇಕು.

ಒಂದು ಪತ್ರಿಕೆ ಮಾತ್ರ ಟೈಪು ಮಾಡಿ ಕಳಿಸಿ ಎಂದಿತ್ತು. ನಮ್ಮ ಬೀದಿಯ ಬ್ರೌಸಿಂಗ್ ಸೆಂಟರಿನ ಕಂಪ್ಯೂಟರುಗಳಲ್ಲಿ ಕನ್ನಡ ಎಂದರೆ ಸಾಲು ಸಾಲು ಚೌಕಗಳಾಗಿ ಕಾಣುತ್ತಿತ್ತು. ತಿರುಪ್ಪೂರಿನಲ್ಲಿ ಬನಿಯನ್ನುಗಳಿಗೆ ಹೊಲಿಯುವ ಲೇಬಲ್ ಮುದ್ರಿಸುವ ಕಡೆ ಬಳ್ಳಾರಿಯ ಒಬ್ಬನಿದ್ದಾನೆ, ಅವನ ಬಳಿ ಕನ್ನಡ ಅಕ್ಷರ ಇದೆ ಎಂದು ಯಾರೋ ಹೇಳಿದರು. ಅವಿನಾಶಿಯ ಮೇಲೆ ಹೋಗುವ ಬಸ್ಸಿನಲ್ಲಿ ಒಂದೂವರೆ ಗಂಟೆ ನಿಂತುಕೊಂಡೇ ಹೋದೆ. ಪಾಪ, ಒಳ್ಳೆಯ ಮನುಷ್ಯ. ಟೀ ಕುಡಿಸಿ, ‘ಬಿಸಿ ನೀರಿನಲ್ಲಿ ಒಗೆಯಬೇಡಿ’ ಎಂದು ಹತ್ತು ಭಾಷೆಯಲ್ಲಿ ಅಚ್ಚಾಗುತ್ತಿದ್ದ ಲೇಬಲ್ಲುಗಳ ನಡುವೆ ಕೂತು ನನ್ನ ಎರಡು ಪುಟ ಟೈಪು ಮಾಡಿದ. ಮುದ್ರಿಸಿ ನೋಡಿದರೆ ಒತ್ತಕ್ಷರಗಳೆಲ್ಲ ಉದುರಿಹೋಗಿದ್ದವು. ನನ್ನ ಕಥೆಯ ಅಕ್ಕ ಅಕ ಆಗಿದ್ದಳು, ಅಮ್ಮ ಅಮ ಆಗಿದ್ದಳು. ಇಬ್ಬರೂ ನಕ್ಕು, ಕೈಬರಹವೇ ವಾಸಿ ಎಂದು ತೀರ್ಮಾನಿಸಿದೆವು.

ಒಂಬತ್ತು ವಿಳಾಸಕ್ಕೆ ಒಂಬತ್ತು ಕಥೆ ಕಳಿಸಿದೆ, ಎಲ್ಲವೂ ಕೈಬರಹದಲ್ಲೇ. ಪ್ರತಿಯೊಂದರ ಜೊತೆಗೂ ನಾಲ್ಕು ಮಡಿಕೆ ಮಾಡಿದ ಒಂದು ಲಕೋಟೆ. ಅದರ ಮೇಲೆ ನನ್ನ ವಿಳಾಸವನ್ನು ದುಂಡಗೆ, ಕನ್ನಡದಲ್ಲಿ ಬರೆದೆ. ಮನೆ ನಂಬರನ್ನೂ ಕನ್ನಡ ಅಂಕಿಯಲ್ಲೇ ಬರೆದೆ. ಕನ್ನಡ ಕಥೆಯ ಜೊತೆ ಇಂಗ್ಲಿಷ್ ವಿಳಾಸದ ಲಕೋಟೆ ಇಟ್ಟರೆ ಸಂಪಾದಕರು ನನ್ನನ್ನು ಎಲ್ಲಿ ಹಗುರವಾಗಿ ನೋಡುತ್ತಾರೋ ಎಂಬ ಅಳುಕು. ಪಿನ್‌ಕೋಡು ಮಾತ್ರ, ಚೌಕಗಳು ಇದ್ದುದರಿಂದ, ಎಲ್ಲರ ಹಾಗೆ ಇಂಗ್ಲಿಷ್ ಅಂಕಿಯಲ್ಲಿ ಬರೆದೆ. ನೋಡುವುದಕ್ಕೆ ಅಷ್ಟು ಚೆನ್ನಾಗಿತ್ತು, ಮದುವೆ ಕಾಗದದ ಹಾಗಿತ್ತು.

ಆಮೇಲೆ ಕಾದೆ. ಒಂದು ವರ್ಷ ನೋಡುತ್ತೇನೆ, ಅಷ್ಟರಲ್ಲಿ ಒಬ್ಬ ಸಂಪಾದಕರಾದರೂ ಏನಾದರೂ ಹೇಳದಿದ್ದರೆ ಬರೆಯುವುದನ್ನು ಬಿಟ್ಟುಬಿಡುತ್ತೇನೆ ಎಂದು ನನಗೆ ನಾನೇ ಗಡುವು ಹಾಕಿಕೊಂಡಿದ್ದೆ. ಒಪ್ಪಲೇಬೇಕು ಎಂದೇನೂ ಇರಲಿಲ್ಲ. ಬೇಡ ಎಂದರೂ ಸಾಕಾಗಿತ್ತು. ತಿಂಗಳು ಕಳೆಯಿತು, ಮೂರಾಯಿತು, ಆರಾಯಿತು. ಒಂದು ಲಕೋಟೆಯೂ ಬರಲಿಲ್ಲ. ಅಂಚೆಯ ಮೇಲೆ ಅನುಮಾನ ಪಡುವುದಕ್ಕೂ ಕಾರಣವಿರಲಿಲ್ಲ, ಏಕೆಂದರೆ ಊರಿನಿಂದ ಅಕ್ಕ ಬರೆಯುವ ಕಾಗದಗಳು ತಪ್ಪದೆ ಬರುತ್ತಿದ್ದವು. ಅಕ್ಕ ವಿಳಾಸವನ್ನು ಇಂಗ್ಲಿಷಿನ ದಪ್ಪ ಅಕ್ಷರದಲ್ಲಿ ಬರೆಯುತ್ತಾಳೆ ಎಂಬುದು ನನ್ನ ಕಣ್ಣ ಮುಂದೆಯೇ ಇತ್ತು. ತಲೆಗೆ ಹೋಗಲಿಲ್ಲ. ವಾಪಸು ಕಳಿಸುವುದಕ್ಕೂ ಲಾಯಕ್ಕಿಲ್ಲದ್ದನ್ನು ಬರೆದಿದ್ದೇನೆ, ಚೀಟಿ ಹಚ್ಚಿದ ಲಕೋಟೆ ಇದ್ದೂ ಯಾರಿಗೂ ಅದನ್ನು ಅಂಟಿಸುವ ಮನಸ್ಸಾಗಿಲ್ಲ ಎಂದೇ ನಂಬಿದೆ. ಆ ನಂಬಿಕೆ ಎಷ್ಟು ಬಲವಾಯಿತೆಂದರೆ, ಹನ್ನೊಂದನೇ ತಿಂಗಳಲ್ಲಿ ಬಸ್ ಸ್ಟ್ಯಾಂಡಿಗೆ ಹೋಗುವುದನ್ನೂ ಬಿಟ್ಟೆ. ವಿಳಾಸದ ನೋಟ್‌ಬುಕ್ಕನ್ನು ಮಂಚದ ಕೆಳಗಿನ ಟ್ರಂಕಿನ ತಳಕ್ಕೆ ಹಾಕಿದೆ.

ಹಾಗೆ ಬಿಟ್ಟದ್ದರಿಂದಲೇ ಆ ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ ನಾನು ಕೋಣೆಯಲ್ಲಿದ್ದೆ. ಹೊರಗಿನ ಮೆಟ್ಟಿಲ ಬುಡದಿಂದ ಯಾರೋ ನನ್ನ ಹೆಸರು ಓದುವುದು ಕೇಳಿಸಿತು. ಕೂಗುತ್ತಿರಲಿಲ್ಲ, ಓದುತ್ತಿದ್ದರು. ಒಂದೊಂದೇ ಅಕ್ಷರ ಕೂಡಿಸಿ, ಮೊದಲು ಹೆಸರು, ಆಮೇಲೆ ಮನೆ ನಂಬರು, ಆಮೇಲೆ ಬೀದಿ. ಬಂದು ನೋಡಿದರೆ ಎಪ್ಪತ್ತರ ಸುಮಾರಿನ ಒಬ್ಬ ಹೆಂಗಸು. ಇಸ್ತ್ರಿ ಮಾಡಿದ ಹತ್ತಿ ಸೀರೆ, ದಪ್ಪ ಕನ್ನಡಕ. ತೋಳಿಗೆ ಜವಳಿ ಅಂಗಡಿಯವರು ಕೊಡುವ ಹಳದಿ ಬಟ್ಟೆಯ ಚೀಲ ನೇತುಹಾಕಿಕೊಂಡಿದ್ದರು. ಕೈಯಲ್ಲಿ ನನ್ನದೇ ಲಕೋಟೆ.

“ನೀನೇನಾ ಕಣ್ಣು ಇದು?” ಎಂದು ಕೇಳಿದರು. ಕಣ್ಣು ಎನ್ನುವುದು ಆ ಕಡೆ ಮಕ್ಕಳನ್ನು ಕರೆಯುವ ಮುದ್ದಿನ ಮಾತು. ನಾನು ತಲೆಯಾಡಿಸಿದ್ದೇ ತಡ, ಮೆಟ್ಟಿಲ ಮೇಲೆ ಕೂತುಬಿಟ್ಟರು.

ಒಳಗೆ ಕರೆದು ನೀರು ಕೊಟ್ಟೆ. ಅವರು ನಮ್ಮ ಬೀದಿಯಿಂದ ಮೂರು ಬೀದಿ ಆಚೆಯವರು. ತಾತನ ಕಾಲದಿಂದ ಕೊಯಮತ್ತೂರಿನಲ್ಲೇ ಇರುವ ಕನ್ನಡದ ಮನೆ. ಮೂವತ್ತನಾಲ್ಕು ವರ್ಷ ಇಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದು ನಿವೃತ್ತರಾದವರು. ಮಗ ಬ್ಯಾಂಕಿನಲ್ಲಿ, ಸೊಸೆ ಕಾಲೇಜಿನಲ್ಲಿ, ಮೊಮ್ಮಗಳು ಏಳನೇ ಕ್ಲಾಸಿನಲ್ಲಿ. ಇಷ್ಟನ್ನು ಹೇಳಿ ಮುಗಿಸಿ, ಚೀಲದಿಂದ ಇನ್ನೂ ಐದು ಲಕೋಟೆ ತೆಗೆದು ಚಾಪೆಯ ಮೇಲೆ ಸಾಲಾಗಿ ಇಟ್ಟರು. ಆರೂ ನನ್ನವೇ, ಉಳಿದ ಮೂರು ಪತ್ರಿಕೆಗಳಿಂದ ಏನೂ ಬಂದಿರಲಿಲ್ಲ. ಒಂದನ್ನೂ ಒಡೆದಿರಲಿಲ್ಲ.

ನಡೆದದ್ದು ಇಷ್ಟು. ಪಿನ್‌ಕೋಡು ನೋಡಿ ಲಕೋಟೆಗಳು ನಮ್ಮ ಅಂಚೆ ಕಚೇರಿಯವರೆಗೆ ನೆಟ್ಟಗೆ ಬಂದಿದ್ದವು. ಅಲ್ಲಿಂದ ಮುಂದಿನ ವಿಳಾಸ ಓದುವವರು ಅಲ್ಲಿ ಯಾರೂ ಇರಲಿಲ್ಲ. ಪೋಸ್ಟ್‌ಮ್ಯಾನ್ ಬುದ್ಧಿ ಓಡಿಸಿ, ತನಗೆ ಗೊತ್ತಿದ್ದ ಒಂದೇ ಒಂದು ಕನ್ನಡದ ಮನೆಗೆ ತಂದ. ನಿಮ್ಮ ಭಾಷೆಯಲ್ಲಿದೆ ಟೀಚರ್, ಯಾರದು ನೋಡಿ ಎಂದ. ಟೀಚರು ಕನ್ನಡಕ ಸರಿಮಾಡಿಕೊಂಡು, ಲಕೋಟೆಯನ್ನು ತಿರುಗಿಸಿ ನೋಡಿ, ಗೊತ್ತಿರುವವರದೇ, ಇಟ್ಟು ಹೋಗು ಎಂದರು. ಅವರಿಗೆ ಕನ್ನಡ ಮಾತಾಡುವುದಕ್ಕೆ ಬರುತ್ತಿತ್ತು, ಓದುವುದಕ್ಕೆ ಬರುತ್ತಿರಲಿಲ್ಲ. ಆ ಊರಿನ ಹಳೆಯ ಕನ್ನಡ ಮನೆಗಳಲ್ಲಿ ಅದೇನೂ ವಿಶೇಷವಲ್ಲ. ಇಸ್ಕೂಲಿನಲ್ಲಿ ತಮಿಳು, ಕೆಲಸದಲ್ಲಿ ತಮಿಳು, ಅಡುಗೆಮನೆಯಲ್ಲಿ ಮಾತ್ರ ಕನ್ನಡ.

ಆದರೆ ನನಗದು ಆ ಕ್ಷಣ ವಿಶೇಷವಾಗಿಯೇ ಕಂಡಿತು. ಸಿಟ್ಟು ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲಿ. ಹನ್ನೊಂದು ತಿಂಗಳು ನಾನು ಪಟ್ಟ ಪಾಡೆಲ್ಲ ಮೂರು ಬೀದಿ ಆಚೆ ಒಂದು ಕಪಾಟಿನಲ್ಲಿ ಮಲಗಿತ್ತು ಎಂದು ತಿಳಿದಾಗ ದೊಡ್ಡವರು ಚಿಕ್ಕವರು ನೋಡಲಿಲ್ಲ. ಓದಕ್ಕೆ ಬರಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಾಗಿತ್ತಲ್ಲಮ್ಮಾ ಎಂದುಬಿಟ್ಟೆ. ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು.

ಅವರು ಚಾಪೆಯ ಮೇಲಿನ ಲಕೋಟೆಗಳ ಅಂಚು ಸರಿಮಾಡಿದರು. “ಹೇಳ್ಬೋದಾಗಿತ್ತು ಕಣ್ಣು. ಬಾಯಿಗೆ ಬರ್ಲಿಲ್ಲ,” ಎಂದರು. “ಆ ಪೋಸ್ಟ್‌ಮ್ಯಾನು ನನ್ನತ್ರ ಲೆಕ್ಕ ಕಲ್ತವನು. ಅವನ ಮುಂದೆ ನಿಂತ್ಕೊಂಡು, ನನ್ನ ಭಾಷೆ ನಂಗೇ ಓದಕ್ಕೆ ಬರಲ್ಲಪ್ಪಾ ಅಂತ ಹೆಂಗೆ ಹೇಳ್ಲಿ? ನಾಳೆ ಹೇಳಣ ಅಂದ್ಕೊಂಡೆ. ಅಷ್ಟ್ರಲ್ಲಿ ಎರಡನೇದು ಬಂತು. ಅಪ್ಪುರ, ಆಮೇಲೆ ಹೇಳಕ್ಕೇ ಆಗ್ಲಿಲ್ಲ. ಕಲ್ತು ನಾನೇ ಓದಿ, ನಾನೇ ಕೊಟ್ಬಿಡ್ತೀನಿ ಅಂತ ಕೂತೆ.”

ಕಲಿಯುವುದಕ್ಕೆ ಪುಸ್ತಕ ಬೇಕಲ್ಲ. ಮೈಸೂರಿನ ನೆಂಟರು ಮದುವೆಗೆ ಬರುವವರೆಗೆ ನಾಲ್ಕು ತಿಂಗಳು ಕಾದು, ಮೊಮ್ಮಗಳಿಗೆ ಎಂದು ಸುಳ್ಳು ಹೇಳಿ ಅಕ್ಷರಮಾಲೆಯ ಪುಸ್ತಕ ತರಿಸಿಕೊಂಡಿದ್ದರು. ತಮಿಳಿನಲ್ಲಿ ಒಂದೇ ‘ಕ’ದಲ್ಲಿ ಜೀವನ ಮಾಡಿದವರಿಗೆ ಇಲ್ಲಿ ಕ ಖ ಗ ಘ ಎಂದು ನಾಲ್ಕು ಕಂಡು ತಲೆಕೆಟ್ಟಿತಂತೆ. ಅಡುಗೆಮನೆಯಲ್ಲಿ ಕುಕ್ಕರು ಕೂಗುವವರೆಗೆ ಎರಡು ಅಕ್ಷರ, ಮೊಮ್ಮಗಳು ಇಸ್ಕೂಲಿನಿಂದ ಬರುವವರೆಗೆ ಎರಡು. ಹಿಂದಿನ ದಿನ ಸಂಜೆ ಬೀದಿಯ ಹೆಸರು ಪೂರ್ತಿ ಕೂಡಿಬಂದಿತ್ತು. ಅದು ತಾವು ದಿನಾ ತರಕಾರಿಗೆ ನಡೆಯುವ ಬೀದಿಯೇ ಎಂದು ಗೊತ್ತಾದಾಗ ಮತ್ತೆ ಮೊದಲಿಂದ ಕೂಡಿಸಿ ಓದಿದೆ ಎಂದರು.

ಲಕೋಟೆ ಒಡೆಯುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಅದು ಅವರಿಗೆ ಅರ್ಥವಾಯಿತೋ ಏನೋ, ನಾನು ಓದ್ಲಾ ಎಂದು ಕೇಳಿದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ಹೂಂ ಎಂದೆ. ನನ್ನ ಕಥೆಗಳ ಹಣೆಬರಹವನ್ನು ಅವರು ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಓದಿದರು. ಮೂರರಲ್ಲಿ ಅಚ್ಚು ಹಾಕಿದ ಚೀಟಿ, ಪ್ರಕಟಿಸಲಾಗದ್ದಕ್ಕೆ ವಿಷಾದ ಎಂದು. ‘ವಿಷಾದ’ ಎಂಬಲ್ಲಿಗೆ ಬರುವುದಕ್ಕೆ ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ನನಗೆ ಅದನ್ನು ತಡೆದುಕೊಳ್ಳುವ ಶಕ್ತಿ ಬಂದಿತ್ತು. ನಾಲ್ಕನೆಯದರಲ್ಲಿ ಪತ್ರಿಕೆಯೇ ನಿಂತುಹೋಗಿದೆ ಎಂಬ ಸುದ್ದಿ. ಐದನೆಯದರಲ್ಲಿ ಚೀಟಿಯ ಜೊತೆಗೆ ಯಾರೋ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದರು, ಬೇರೆ ಬರೆದಾಗ ಕಳಿಸಿ ಎಂದು.

ಆರನೆಯದು ಕಾಗದ. ನಾನು ಕಳಿಸಿದ್ದ, ಊರಿನ ಹಿಟ್ಟಿನ ಗಿರಣಿ ನಡೆಸುವ ಹೆಂಗಸಿನ ಕಥೆಯ ಬಗ್ಗೆ. ಕಥೆ ನಮಗೆ ಹಿಡಿಸಿದೆ. ಗಿರಣಿ ಮುಚ್ಚುವಲ್ಲಿಗೆ ಕಥೆ ಮುಗಿದಿದೆ ಅನ್ನಿಸುತ್ತದೆ, ಕೊನೆಯ ಎರಡು ಪುಟ ಬೇಡ. ತಮ್ಮ ಒಪ್ಪಿಗೆಯನ್ನು ಒಂದು ತಿಂಗಳೊಳಗೆ ಬರೆದು ತಿಳಿಸಿದರೆ ಪ್ರಕಟಿಸುತ್ತೇವೆ. ಅವರು ಓದಿ ಮುಗಿಸಿ, ಮೇಲೆ ಬರೆದಿದ್ದ ದಿನಾಂಕಕ್ಕೆ ಬೆರಳು ಒಯ್ದರು. ಅಂಕಿಗಳನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಂಟು ತಿಂಗಳಾಗಿತ್ತು.

ಅವರು ಅಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಪರವಾಗಿಲ್ಲ ಬಿಡೀಮ್ಮ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅವರು ಎದ್ದು, ಗೋಡೆ ಹಿಡಿದು ಮೆಟ್ಟಿಲಿಳಿದು ಹೋದರು. ಬಾಗಿಲವರೆಗೂ ನಾನು ಹೋಗಲಿಲ್ಲ.

ಚೀಲವನ್ನು ಅವರು ಬಿಟ್ಟುಹೋಗಿದ್ದರು. ಮಧ್ಯಾಹ್ನ ಅದನ್ನು ಮಡಚಿಡಲು ಹೋದಾಗ ಒಳಗೆ ಏನೋ ಕೈಗೆ ಸಿಕ್ಕಿತು. ಮಕ್ಕಳು ಬರೆಯುವ ನಾಲ್ಕು ಗೆರೆಯ ಕಾಪಿ ಪುಸ್ತಕ. ಮೊದಲ ಪುಟಗಳಲ್ಲಿ ಅ ಆ ಇ ಈ. ಅಲ್ಲಿಂದ ಮುಂದೆ, ಪುಟದಿಂದ ಪುಟಕ್ಕೆ, ನನ್ನ ಹೆಸರು ಮತ್ತು ನನ್ನ ವಿಳಾಸ. ಮೊದಲ ಪುಟದಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು, ಆಮೇಲೆ ನೆಟ್ಟಗೆ ನಿಂತವು, ಕೊನೆಯ ಪುಟದಲ್ಲಿ ದುಂಡಗಾಗಿದ್ದವು. ಎಷ್ಟು ಸಲ ಬರೆದಿದ್ದರೋ. ನನ್ನ ಹೆಸರನ್ನು ನನ್ನ ತಾಯಿಯೂ ಅಷ್ಟು ಸಲ ಬರೆದಿರಲಾರಳು. ಅದನ್ನು ಹಿಡಿದುಕೊಂಡು ಮಂಚದ ಮೇಲೆ ಕೂತು, ನಾಚಿಕೆಯಾಗದೆ ಅತ್ತೆ.

ತಪ್ಪು ಯಾರದು ಎಂದು ಆಗ ಯೋಚಿಸಿದೆ. ಲಕೋಟೆ ನೋಡಿ ಸಂಪಾದಕರು ಏನೆಂದುಕೊಳ್ಳುತ್ತಾರೋ ಎಂಬುದರಲ್ಲೇ ನಾನು ಮುಳುಗಿದ್ದೆ, ಕಡೆಗೆ ಅದನ್ನು ಓದುವವನು ಒಬ್ಬ ತಮಿಳು ಪೋಸ್ಟ್‌ಮ್ಯಾನ್ ಎಂಬುದು ಹೊಳೆದೇ ಇರಲಿಲ್ಲ. ಅವನಾದರೂ ಪಾಪ, ಓದಲಾಗದ್ದನ್ನು ಬಿಸಾಡದೆ ಒಂದು ಬಾಗಿಲು ಹುಡುಕಿದ್ದ. ಟೀಚರು ಆ ವಯಸ್ಸಿನಲ್ಲಿ ಮತ್ತೆ ಅ ಆ ಇ ಈ ತಿದ್ದಿದ್ದರು. ಮೂವರಲ್ಲಿ ಏನೂ ಕಷ್ಟಪಡದೆ ಸಿಟ್ಟು ಮಾಡಿಕೊಂಡವನು ನಾನೊಬ್ಬನೇ.

ಸಂಜೆ ಚೀಲ, ಪುಸ್ತಕ ಹಿಡಿದುಕೊಂಡು ಅವರ ಮನೆಗೆ ಹೋದೆ. ಸೊಸೆ ಬಾಗಿಲು ತೆಗೆದರು. ಮೊಮ್ಮಗಳು ಪುಸ್ತಕ ನೋಡಿ, ಪಾಟಿ, ಅಂದರೆ ಅಜ್ಜಿ, ಎಲ್‌ಕೆಜಿ ಸೇರಿದಾರೆ ಎಂದು ತಮಿಳಿನಲ್ಲಿ ಹೇಳಿ ನಕ್ಕಳು. ಟೀಚರಮ್ಮ ಅಡುಗೆಮನೆಯಿಂದ ಬಂದು ನನ್ನನ್ನು ನೋಡಿ ಅಲ್ಲೇ ನಿಂತರು. ಬೆಳಿಗ್ಗೆ ಮಾತಾಡಿದ್ದು ತಪ್ಪಾಯಿತಮ್ಮಾ ಎಂದೆ. ಅವರು ಊಟ ಆಯ್ತಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ದೋಸೆಕಲ್ಲು ಒಲೆಗಿಟ್ಟರು. ಮೂರನೇ ದೋಸೆ ಬಡಿಸುವಾಗ, ಆ ಗಿರಣಿ ಕಥೆ ಏನು, ಓದಿ ಹೇಳು ಎಂದರು.

ಮುಂದಿನ ಭಾನುವಾರ ನಕಲು ತೆಗೆದುಕೊಂಡು ಹೋಗಿ ಓದಿದೆ. ಗಿರಣಿ ಮುಚ್ಚಿದ ಮೇಲಿನ ಕೊನೆಯ ಎರಡು ಪುಟದಲ್ಲಿ ಹೆಚ್ಚಿಗೆ ಏನೂ ನಡೆಯುವುದಿಲ್ಲ. ಆ ಹೆಂಗಸು ಮಗಳ ಮನೆಯಲ್ಲಿರುತ್ತಾಳೆ. ದಿನಾ ಗಿರಣಿ ಶುರುಮಾಡುತ್ತಿದ್ದ ಹೊತ್ತಿಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಾಳೆ, ಯಾರಾದರೂ ನೋಡಿದರೆ ತಲೆನೋವು ಎನ್ನುತ್ತಾಳೆ. ಅಮ್ಮ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, “ಆ ಎರಡು ಪುಟ ತೆಗೀಬೇಡ,” ಎಂದರು. “ರಿಟೈರ್ ಆದ್ಮೇಲೆ ಬೆಳಿಗ್ಗೆ ಒಂಬತ್ತೂವರೆಗೆ ಏನಾಗತ್ತೆ ಅಂತ ನಿಮ್ಮ ಎಡಿಟರಿಗೆ ಗೊತ್ತಿಲ್ಲ. ಅವ್ರು ಇನ್ನೂ ಕೆಲಸದಲ್ಲಿದಾರೆ.”

ನಾನು ಹೂಂ ಎಂದೆ. ಕೋಣೆಗೆ ಬಂದು ಆ ಸಂಪಾದಕರಿಗೆ ಕಾಗದ ಬರೆದೆ, ಅಂಚೆಯಲ್ಲಿ ತಡವಾಯಿತು, ಕೊನೆಯ ಎರಡು ಪುಟ ತೆಗೆಯಲು ನನ್ನ ಪೂರ್ಣ ಒಪ್ಪಿಗೆ ಇದೆ, ದಯವಿಟ್ಟು ಪ್ರಕಟಿಸಿ ಎಂದು. ಎರಡೇನು, ನಾಲ್ಕು ಪುಟ ತೆಗೆಯಿರಿ ಎಂದಿದ್ದರೂ ಒಪ್ಪುತ್ತಿದ್ದೆ. ಅಚ್ಚಾದ ಹೆಸರು ನೋಡುವ ಆಸೆ ಅಂಥದ್ದು. ಅಮ್ಮನಿಗೆ ಇದನ್ನು ಹೇಳಲಿಲ್ಲ. ಈ ಸಲ ನನ್ನ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದಿದ್ದೆ. ಆದರೂ ವಾರಗಳು ಕಳೆದವು, ಉತ್ತರ ಬರಲಿಲ್ಲ.

ನಾನು ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗತೊಡಗಿದೆ. ಟ್ರಂಕಿನಿಂದ ನೋಟ್‌ಬುಕ್ಕು ಮೇಲೆ ಬಂತು. ಸಂಜೆ ಅಮ್ಮನ ಮನೆ. ಸಿಕ್ಕ ಪತ್ರಿಕೆಗಳನ್ನು ಅವರು ಬೆರಳಿಟ್ಟು ಓದುತ್ತಿದ್ದರು, ಕಷ್ಟದ ಪದ ಬಂದರೆ ನಾನು. ಜಾಹೀರಾತುಗಳನ್ನೂ ಬಿಡುತ್ತಿರಲಿಲ್ಲ. ಒಂದು ದಿನ, ಪತ್ರಿಕೆಗೆ ಕಾಗದ ಬರೆಯುವುದಾದರೆ ಮೇಲೆ ಏನೆಂದು ಬರೆಯಬೇಕು ಎಂದು ಕೇಳಿದರು. ಸಂಪಾದಕರಿಗೆ ನಮಸ್ಕಾರ ಎಂದು ಬರೆದರೆ ಸಾಕು ಎಂದೆ. ಸುಮ್ಮನೆ ಕೇಳುತ್ತಿದ್ದಾರೆ ಅಂದುಕೊಂಡೆ.

ಸುಮಾರು ಎರಡು ತಿಂಗಳ ಮೇಲೆ ಕಂಡಕ್ಟರ್ ಕೊಟ್ಟ ಕಟ್ಟಿನಲ್ಲಿ ಆ ಪತ್ರಿಕೆಯ ಹೊಸ ಸಂಚಿಕೆ ಇತ್ತು. ಬಸ್ಸಿನ ಮೆಟ್ಟಿಲಲ್ಲೇ ನಿಂತು ತಿರುವಿದೆ. ನನ್ನ ಕಥೆ ಇರಲಿಲ್ಲ. ಓದುಗರ ಪತ್ರಗಳ ಪುಟದಲ್ಲಿ ಕೊಯಮತ್ತೂರು ಎಂದು ಕಂಡು ಕಣ್ಣು ನಿಂತಿತು.

‘ಸಂಪಾದಕರಿಗೆ ನಮಸ್ಕಾರ. ನಾನು ರಿಟೈರ್ ಆದ ಲೆಕ್ಕದ ಟೀಚರು. ನಮ್ಮ ಮನೆ ಮಾತು ಕನ್ನಡ. ಎಪ್ಪತ್ತು ವಯಸ್ಸಿನ ತನಕ ನನಗೆ ಕನ್ನಡ ಓದಕ್ಕೆ ಬರುತ್ತಿರಲಿಲ್ಲ. ನೀವು ಒಬ್ಬ ಹುಡುಗನಿಗೆ ಬರೆದ ಕಾಗದ ನನ್ನ ಮನೆಗೆ ಬಂತು. ಓದಕ್ಕೆ ಬರುವುದಿಲ್ಲ ಎಂದು ಹೇಳಲು ನಾಚಿಕೆಪಟ್ಟು ಎಂಟು ತಿಂಗಳು ಇಟ್ಟುಕೊಂಡೆ. ತಪ್ಪು ನನ್ನದು, ಹುಡುಗನದ್ದಲ್ಲ. ಅವನ ಕಥೆಗೆ ಶಿಕ್ಷೆ ಕೊಡಬೇಡಿ. ಇದು ನಾನು ಕನ್ನಡದಲ್ಲಿ ಬರೆದ ಮೊದಲ ಕಾಗದ. ಕೊನೆ ಎರಡು ಪುಟ ಚೆನ್ನಾಗಿದೆ, ತೆಗೆಯಬೇಡಿ.’

ಅದರ ಕೆಳಗೆ ಸಂಪಾದಕರ ಎರಡು ಸಾಲು. ಅಮ್ಮನಿಗೆ ನಮಸ್ಕಾರ, ಕಥೆಯನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಕೊನೆಯ ಎರಡು ಪುಟ ತೆಗೆಯಲು ಲೇಖಕರು ಒಪ್ಪಿದ್ದಾರೆ.

ಒಂಬತ್ತು ವಿಳಾಸ ಹುಡುಕಿ ಬೆವರು ಸುರಿಸಿದವನು ನಾನು, ನನಗಿಂತ ಮೊದಲು ಅಚ್ಚಾದವರು ಅವರು. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾದೀತು, ಒಂದು ಚಿಟಿಕೆಯಷ್ಟು ಆಯಿತು. ಅದಕ್ಕಿಂತ ಹೆಚ್ಚಾಗಿ ಎದೆ ತುಂಬಿ ಬಂತು. ತಮ್ಮ ಶಿಷ್ಯನಾದ ಪೋಸ್ಟ್‌ಮ್ಯಾನ್‌ಗೆ ಹೇಳಲಾಗದ ಮಾತನ್ನು ಆಕೆ ನನಗಾಗಿ ಇಡೀ ಕರ್ನಾಟಕಕ್ಕೆ ಹೇಳಿದ್ದರು. ಸಂಪಾದಕರ ಕೊನೆಯ ಸಾಲು ನೆನೆದು ಮಾತ್ರ ಕಾಲು ಮುಂದಕ್ಕೆ ಬರಲಿಲ್ಲ. ಆದರೂ ಹೋದೆ.

ಅವರು ತಮ್ಮ ಕಾಗದವನ್ನು ಎರಡು ಸಲ ಓದಿದರು, ಈಗ ಬೆರಳಿನ ಸಹಾಯವಿಲ್ಲದೆ. ಆಮೇಲೆ ಸಂಪಾದಕರ ಸಾಲುಗಳನ್ನು ಓದಿದರು. “ಒಪ್ಕೊಂಡ್ಯಾ?” ಎಂದು ಕೇಳಿದರು. ತಲೆ ತಗ್ಗಿಸಿ ಹೌದೆಂದೆ. “ಹೇಳ್ಬೋದಾಗಿತ್ತಲ್ಲ.” ಬಾಯಿಗೆ ಬರಲಿಲ್ಲಮ್ಮ ಎಂದೆ. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸೊಸೆ ಒಳಗಿನಿಂದ ಬಂದು ಏನಾಯಿತು ಎಂದು ಕೇಳುವಷ್ಟು ನಕ್ಕೆವು.

ಮುಂದಿನ ಸಂಚಿಕೆಯಲ್ಲಿ ಕಥೆ ಬಂತು, ಗಿರಣಿ ಮುಚ್ಚುವಲ್ಲಿಗೆ ನಿಂತು. ನನ್ನ ಹೆಸರು ಅಚ್ಚಿನಲ್ಲಿ ನಾನಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಪತ್ರಿಕೆಯವರು ಎರಡು ಪ್ರತಿ ಕಳಿಸಿದ್ದರು, ಒಂದನ್ನು ಅಮ್ಮನಿಗೆ ಕೊಟ್ಟೆ. ಅವರು ನನ್ನ ನಕಲಿನ ಕೊನೆಯ ಎರಡು ಹಾಳೆ ಕೇಳಿ ಇಸಿದುಕೊಂಡರು.

ಹತ್ತು ದಿನದ ಮೇಲೆ ಹೋದಾಗ ಆ ಪ್ರತಿ ತಂದು ನನ್ನ ಕೈಗಿಟ್ಟರು. ಕಥೆ ಮುಗಿಯುವ ಪುಟಕ್ಕೆ ನಾಲ್ಕು ಗೆರೆಯ ಹಾಳೆಗಳನ್ನು ಗೋಂದು ಹಚ್ಚಿ ಅಂಟಿಸಿದ್ದರು. ಗಿರಣಿಯ ಹೆಂಗಸು ತಲೆಗೆ ಬಟ್ಟೆ ಕಟ್ಟಿಕೊಂಡು ಕೂರುವುದು, ತಲೆನೋವು ಎನ್ನುವುದು, ಎಲ್ಲವೂ ಅಲ್ಲಿ ಅವರ ದುಂಡು ಅಕ್ಷರದಲ್ಲಿತ್ತು. ಒಂದು ಒತ್ತೂ ಉದುರಿರಲಿಲ್ಲ. ಕೊನೆಯ ಸಾಲಿನ ಕೆಳಗೆ, ಮಕ್ಕಳ ಲೆಕ್ಕ ಸರಿಯಾದಾಗ ಹಾಕುತ್ತಿದ್ದರಲ್ಲ, ಹಾಗೆ ಕೆಂಪು ಶಾಯಿಯಲ್ಲಿ ಒಂದು ರೈಟು ಹಾಕಿದ್ದರು.

ನನ್ನ ಬಳಿಯಿದ್ದ ಪ್ರತಿ ಮನೆ ಬದಲಾಯಿಸುವಾಗ ಎಲ್ಲೋ ಕಳೆದುಹೋಯಿತು. ಅವರದು ನಾನು ಆ ಊರು ಬಿಡುವಾಗಲೂ ಅವರ ಕಪಾಟಿನಲ್ಲೇ ಇತ್ತು, ಆ ಹಳದಿ ಚೀಲದಲ್ಲಿ. ನನ್ನ ಮೊದಲ ಕಥೆ ಪೂರ್ತಿಯಾಗಿ ಇರುವುದು ಅದೊಂದರಲ್ಲೇ.